ಪಿಕಪ್‌ಗೆ ಕ್ಯಾನೋಪಿ ಹಾಕಿ ಕ್ಯಾಂಪಿಂಗ್: ತೂಕ ಮೊದಲು, ಹಾಸಿಗೆ ಕೊನೆಗೆ

ಹೋದ ಬೇಸಿಗೆಯಿಂದೀಚೆಗೆ ಚಿಕ್ಕಬಳ್ಳಾಪುರದ ನಮ್ಮ ಶೆಡ್ಡಿಗೆ ಐದು ಪಿಕಪ್‌ಗಳು ಒಂದೇ ರೋಗ ಹೊತ್ತು ಬಂದವು. ಹಿಂದೆ ಸಾಮಾನು ಹೇರುವ ಬಾಡಿಯ ಮೇಲೆ ಚೆಂದದ ಕ್ಯಾನೋಪಿ, ಅಂದರೆ ಕಿಟಕಿ, ಬಾಗಿಲಿರುವ ಗಟ್ಟಿ ಮುಚ್ಚಳ. ಒಳಗೆ ಸನ್‌ಮೈಕಾ ಅಂಟಿಸಿದ ಡ್ರಾಯರು, ಅದರ ಮೇಲೆ ಮೆತ್ತನೆ ಹಾಸಿಗೆ. ಹಾಸಿಗೆ ಎತ್ತಿದರೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಸಂದು ಮುಚ್ಚುವ ರಬ್ಬರ್ ಬೀಡಿಂಗ್ ಹಾಕೋಣ ಅಂದರೆ ಡ್ರಾಯರು ಅಡ್ಡ. ಡ್ರಾಯರು ಬಿಚ್ಚೋಣ ಅಂದರೆ ವೈರೆಲ್ಲ ಅದರ ಹಿಂದೆ.

ನಾನೂ ಇದನ್ನೇ ಮಾಡಿದವನು. ಮೊದಲ ಸಲ ಹಾಸಿಗೆಯಿಂದಲೇ ಶುರು ಮಾಡಿ, ಎರಡು ತಿಂಗಳಿಗೆ ಎಲ್ಲವನ್ನೂ ಕಿತ್ತೆ. ಕೆಲಸ ಕಷ್ಟದ್ದಲ್ಲ, ಅದನ್ನು ಮಾಡುವ ವರಸೆ ತಪ್ಪಿದ್ದು. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನದನ್ನು ಬಿಚ್ಚಬೇಕಾಗುತ್ತದೆ.

## ಕೈಯಲ್ಲಿ ಏನಿರಬೇಕು

ಅಳತೆ ಟೇಪು, ರಸಮಟ್ಟ, ಡ್ರಿಲ್ ಮಿಷನ್, ಸ್ಪಾನರ್ ಸೆಟ್ಟು, ಮಲ್ಟಿಮೀಟರ್, ಜೋರಾದ ಟಾರ್ಚ್, ಉದ್ದದ ನೀರಿನ ಪೈಪು, ಸೀಮೆಸುಣ್ಣ, ಒಂದು ಹಳೆಯ ಬಿಳಿ ಪಂಚೆ. ಪಂಚೆ ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಕೊಳ್ಳಬೇಕಾದ್ದು: ಗಾಡಿಗಳ ಡೋರಿಗೆ ಹಾಕುವಂಥ ಟೊಳ್ಳು ರಬ್ಬರ್ ಬೀಡಿಂಗ್, ಇಪಿಡಿಎಂ ಫೋಮ್ ಟೇಪು (ಮೆತ್ತನೆ ರಬ್ಬರಿನದು), ಬ್ಯುಟೈಲ್ ಟೇಪು (ಅಂಟಂಟಾದ, ನೀರು ತಡೆಯುವ ಟೇಪು), ಪಿಯು ಸೀಲೆಂಟ್ (ಸಂದು ತುಂಬುವ ಪಾಲಿಯುರೆಥೇನ್ ಅಂಟು), ತುಕ್ಕು ತಡೆಯುವ ಪ್ರೈಮರ್. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ. ಅದರಿಂದ ಹೊರಡುವ ಆಮ್ಲ ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಆಮೇಲೆ ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ.

## 1. ಗಾಡಿ ಎಷ್ಟು ಹೊರುತ್ತದೆ, ಲೆಕ್ಕ ಹಾಕಿ

ಆರ್‌ಸಿ ತೆಗೆಯಿರಿ. ಅದರಲ್ಲಿ ಖಾಲಿ ಗಾಡಿಯ ತೂಕವೂ ಇರುತ್ತದೆ, ಗ್ರಾಸ್ ತೂಕವೂ, ಅಂದರೆ ಗಾಡಿ, ಜನ, ಸಾಮಾನು ಎಲ್ಲ ಸೇರಿ ದಾಟಬಾರದ ತೂಕವೂ ಇರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಆಸ್ತಿ. ಅದರೊಳಗೆ ಸೀಟಿನಲ್ಲಿ ಕೂರುವವರೂ ಬರಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಗಾಡಿಗೆ ಸಾಧಾರಣ ಲೆಕ್ಕ ಹೀಗೆ ಬರುತ್ತದೆ. ಎಫ್‌ಆರ್‌ಪಿ (ಫೈಬರ್) ಕ್ಯಾನೋಪಿ 65 ಕೆ.ಜಿ. 18 ಎಂಎಂ ಪ್ಲೈವುಡ್ ಎರಡು ಶೀಟು 70. ಡ್ರಾಯರ್ ಚಾನೆಲ್ 12. ಹಾಸಿಗೆ 10. ನೀರು 40 ಲೀಟರ್, ಅಂದರೆ 40 ಕೆ.ಜಿ. ಬ್ಯಾಟರಿ 12. ಫ್ರಿಜ್ಜು, ಅದರೊಳಗಿನದು ಸೇರಿ 35. ಒಲೆ, ಪಾತ್ರೆ 10. ಮೇಲಿನ ರ‍್ಯಾಕ್ 20, ನೆರಳಿನ ಆನಿಂಗ್ 12. ಹಗ್ಗ, ಜಾಕು, ಟೂಲು 15. ಕೂಡಿದರೆ 301 ಕೆ.ಜಿ. ಇನ್ನೂ ಒಬ್ಬರೂ ಗಾಡಿ ಹತ್ತಿಲ್ಲ! ಇಬ್ಬರು ಕೂತರೆ 440 ಆಯಿತು. ಕೆಲವು ಗಾಡಿಗಳ ಮಿತಿ ಇಷ್ಟೂ ಇರುವುದಿಲ್ಲ.

ಪ್ಲೈವುಡ್ಡನ್ನು 12 ಎಂಎಂಗೆ ಇಳಿಸಿದರೆ ಅಲ್ಲೇ ಸುಮಾರು 23 ಕೆ.ಜಿ. ಉಳಿಯುತ್ತದೆ. ಕೆಳಗೆ ಅಡ್ಡಪಟ್ಟಿ ಕೊಟ್ಟರೆ 12 ಎಂಎಂ ಸಾಕು. ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಫ್ರೇಮ್ ಮಾಡಿಸಿದರೆ ಇನ್ನೂ ಹಗುರ.

ಈಗ ವೇಬ್ರಿಡ್ಜಿಗೆ, ಅಂದರೆ ಲಾರಿ ತೂಗುವ ತಕ್ಕಡಿಗೆ ಹೋಗಿ. ಕೋಲಾರ, ಚಿಂತಾಮಣಿ ಎಪಿಎಂಸಿ ಸುತ್ತಮುತ್ತ ಹುಡುಕುವ ಕಷ್ಟವೇ ಇಲ್ಲ. ಟೊಮೆಟೊ ಲಾರಿಗಳ ಸಾಲು ಕರಗಿದ ಮೇಲೆ, ಮಧ್ಯಾಹ್ನದ ಹೊತ್ತು ಹೋದರೆ ಒಳ್ಳೆಯದು. ಎರಡು ಸಲ ತೂಗಿಸಿ. ಒಂದು ಸಲ ಪೂರ್ತಿ ಗಾಡಿ, ಇನ್ನೊಂದು ಸಲ ಹಿಂದಿನ ಚಕ್ರ ಮಾತ್ರ ತಕ್ಕಡಿ ಮೇಲೆ. ಚೀಟಿ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಮತ್ತೆ ಎರಡು ಸಲ ತೂಗಿಸಬೇಕು.

ಅಲ್ಲೇ ನಿಂತು ಇನ್ನೊಂದು ಅಳತೆ ತೆಗೆದುಕೊಳ್ಳಿ. ಹಿಂದಿನ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಷ್ಟು ಇಂಚು? ಮುಂದಿನದು ಎಷ್ಟು? ಬರೆದಿಡಿ.

## 2. ಆರ್‌ಟಿಒ ಮತ್ತು ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. "ಕ್ಲಾಂಪ್ ಹಾಕಿ ಕೂರಿಸಿದ್ದು, ಬಿಚ್ಚಬಹುದು, ಏನಾಗಲ್ಲ ಬಿಡಣ್ಣ" ಅನ್ನುವವರ ಮಾತು ಚೆಕ್‌ಪೋಸ್ಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ನಿಮ್ಮ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ತುಮಕೂರಿನ ಕೆಎ-06 ಆಗಲಿ, ಕೋಲಾರದ 07 ಆಗಲಿ, ಚಿಕ್ಕಬಳ್ಳಾಪುರದ 40 ಆಗಲಿ. ಕ್ಯಾನೋಪಿಯ ಫೋಟೊ, ತೂಕ, ಎತ್ತರ ಬರೆದು ಅರ್ಜಿ ಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಹೇಳದೆ ಹಾಕಿಸಿ, ಆಮೇಲೆ ಅಪಘಾತವಾದರೆ ಕ್ಲೇಮಿನ ಹೊತ್ತಿಗೆ ಅದೇ ತಕರಾರು ಆಗುತ್ತದೆ.

ಯೆಲ್ಲೋ ಬೋರ್ಡ್ ಗಾಡಿಯಾದರೆ ಪರ್ಮಿಟ್ಟಿನ ವಿಚಾರವನ್ನೂ ಕೇಳಿ. ಇನ್ನು ಗಾಡಿ ಓಡುವಾಗ ಹಿಂದೆ ಕ್ಯಾನೋಪಿಯೊಳಗೆ ಯಾರನ್ನೂ ಕೂರಿಸುವಂತಿಲ್ಲ, ಮಕ್ಕಳನ್ನಂತೂ ಖಂಡಿತ ಬೇಡ.

## 3. ಕ್ಯಾನೋಪಿ ಆರಿಸುವುದು

ಎಫ್‌ಆರ್‌ಪಿ ಹಗುರ, ತುಕ್ಕಿಲ್ಲ, ಆದರೆ ಬೋಲ್ಟ್ ಬಿಗಿ ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಗಟ್ಟಿ, ದುಬಾರಿ. ಊರಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ್ದು ಅಗ್ಗ. ಆದರೆ ಒಂದನೇ ಹಂತದ ಲೆಕ್ಕವನ್ನೆಲ್ಲ ಅದೇ ನುಂಗಿಬಿಡುತ್ತದೆ.

ಅಂಗಡಿಯವರಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಗಾಡಿ ಓಡುವಾಗ ಮೇಲೆ ಎಷ್ಟು ಕೆ.ಜಿ. ಇಡಬಹುದು? ನಿಂತಾಗಿನ ಲೆಕ್ಕ ಬೇರೆ, ಓಡುವಾಗಿನ ಲೆಕ್ಕ ಬೇರೆ. ನಿಂತಾಗ ಇಬ್ಬರು ಮಲಗುವಷ್ಟು ಗಟ್ಟಿಯಿರುವ ಟಾಪು, ಹಂಪು ಹಾರಿದಾಗ ಅದರ ಅರ್ಧವನ್ನೂ ತಡೆಯದಿರಬಹುದು. ರೂಫ್ ಟೆಂಟ್ ಹಾಕುವ ಆಸೆ ಇದ್ದವರಿಗೆ ಈ ಒಂದು ಅಂಕಿಯೇ ತೀರ್ಪು.

ಬಣ್ಣ ಬಿಳಿಯೇ ಇರಲಿ. ಕಪ್ಪು ನೋಡಲು ಚೆಂದ, ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ಪಾವಗಡದ ಬಿಸಿಲಿಗೆ ಒಂದು ಗಂಟೆ ನಿಲ್ಲಿಸಿ ನೋಡಿ, ಆಮೇಲೆ ಮಾತಾಡೋಣ.

## 4. ಕೂರಿಸುವುದು

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಓರೆ ನೆಲದಲ್ಲಿ ಕೂರಿಸಿದರೆ ಬಾಡಿ ಸ್ವಲ್ಪ ತಿರುಚಿಕೊಂಡೇ ಇರುತ್ತದೆ, ಆಮೇಲೆ ಹಿಂಬಾಗಿಲು ಹೊಂದುವುದಿಲ್ಲ. ಅಂಚನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ. ಅದರ ಮೇಲೆ ಫೋಮ್ ಟೇಪು. ಮೂಲೆಯಲ್ಲಿ ಟೇಪು ಕತ್ತರಿಸಿ ಜೋಡಿಸಬೇಡಿ, ಬಗ್ಗಿಸಿ ತಿರುಗಿಸಿ. ಜೋಡಣೆ ಒಂದೇ ಕಡೆ ಬರಲಿ, ಅದೂ ಕ್ಯಾಬಿನ್ ಕಡೆ ಬೇಡ, ಪಕ್ಕದಲ್ಲಿ ಬರಲಿ.

ಕ್ಯಾನೋಪಿ ಎತ್ತಿಡಲು ನಾಲ್ಕು ಜನ ಬೇಕು. ಕೂರಿಸಿದ ಮೇಲೆ ಎಡಬಲದ ಅಂತರ ಅಳೆಯಿರಿ, ಹಿಂಬಾಗಿಲು ತೆಗೆದು ಹಾಕಿ ನೋಡಿ. ಆಮೇಲೆ ಕ್ಲಾಂಪು. ಗಾಡಿಯ ವೀಲು ಬಿಗಿ ಮಾಡುವ ಹಾಗೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿ ಮಾಡಿದರೆ ಇನ್ನೊಂದು ಮೂಲೆ ಏಳುತ್ತದೆ.

ಫೋಮ್ ಒತ್ತಿಕೊಂಡು ಕೂರಲು ಸಮಯ ಹಿಡಿಯುತ್ತದೆ. ಅದಕ್ಕೇ ಮೊದಲ 100 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ಮಾಡಿ, 500 ಆದ ಮೇಲೆ ಇನ್ನೊಮ್ಮೆ. ಪ್ರತಿ ನಟ್ಟಿನ ಮೇಲೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ಟು ಸಡಿಲವಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಎಲ್ಲಾದರೂ ತೂತು ಕೊರೆದರೆ ಆ ಕ್ಷಣವೇ ಪ್ರೈಮರ್ ಹಚ್ಚಿ. ಡ್ರಿಲ್ಲಿನ ಕಬ್ಬಿಣದ ಪುಡಿಯನ್ನು ಗುಡಿಸಿ ತೆಗೆಯಿರಿ, ಇಲ್ಲದಿದ್ದರೆ ಒಂದು ಮಳೆಗೆ ಬಾಡಿ ತುಂಬ ಕೆಂಪು ಚುಕ್ಕಿ.

## 5. ಧೂಳು, ಆಮೇಲೆ ನೀರು

ಐದೂ ಗಾಡಿಗಳು ಸೋತಿದ್ದು ಇಲ್ಲೇ. ಇದಕ್ಕೆ ಒಂದಿಡೀ ಭಾನುವಾರ ಇಟ್ಟುಕೊಳ್ಳಿ.

ಮೊದಲು ಧೂಳು ಹೇಗೆ ಬರುತ್ತದೆ ನೋಡೋಣ. ಗಾಡಿ ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಚಕ್ರ ಎಬ್ಬಿಸಿದ ಧೂಳೆಲ್ಲ ಅಲ್ಲೇ ಸುತ್ತುತ್ತದೆ. ಕ್ಯಾನೋಪಿಯ ಮೇಲ್ಭಾಗದ ಸಂದುಗಳು, ಪಕ್ಕದ ಕಿಟಕಿಗಳು ಒಳಗಿನ ಗಾಳಿಯನ್ನು ಹೊರಗೆಳೆಯುತ್ತವೆ. ಆ ಜಾಗ ತುಂಬಲು ಹಿಂಬಾಗಿಲಿನ ಕೆಳಗಿನಿಂದ ಧೂಳಿನ ಗಾಳಿ ಒಳನುಗ್ಗುತ್ತದೆ. ಹಾಗಾಗಿ "ಧೂಳು ಬರ್ತಿದೆ, ಸೈಡ್ ಕಿಟಕಿ ಸ್ವಲ್ಪ ತೆಗೆಯೋಣ" ಅಂದರೆ ಇನ್ನೂ ಜಾಸ್ತಿ ಬರುತ್ತದೆ. ಡೀಸೆಲ್ ಹೊಗೆಯೂ ಇದೇ ದಾರಿಯಲ್ಲಿ ಬರುತ್ತದೆ, ನೆನಪಿರಲಿ.

ಮುಚ್ಚುವ ಕೆಲಸ ಕೆಳಗಿನಿಂದ ಮೇಲಕ್ಕೆ ನಡೆಯಲಿ. ಹಿಂಬಾಗಿಲಿನ ಕೆಳಗಿನ ಎರಡು ಮೂಲೆ, ಹಿಂಜಿನ ಹತ್ತಿರ, ಹೆಬ್ಬೆರಳು ತೂರುವಷ್ಟು ಸಂದಿರುತ್ತದೆ. ಎಲ್ಲರೂ ಮೇಲಿನ ಗಾಜಿನ ಸುತ್ತ ಬೀಡಿಂಗ್ ಹಾಕಿ, ಈ ಮೂಲೆಯನ್ನು ಬಿಟ್ಟುಬಿಡುತ್ತಾರೆ. ಮೊದಲು ಅದು, ಆಮೇಲೆ ತಳದ ಉದ್ದಕ್ಕೂ, ಆಮೇಲೆ ಪಕ್ಕ. ಬಾಡಿಯ ನೆಲದಲ್ಲಿರುವ ನೀರು ಹೋಗುವ ತೂತುಗಳನ್ನು ಸೀಲೆಂಟಿನಿಂದ ಶಾಶ್ವತವಾಗಿ ಮುಚ್ಚಬೇಡಿ. ತೆಗೆದು ಹಾಕಬಹುದಾದ ರಬ್ಬರ್ ಬಿರಡೆ ಹಾಕಿ.

ಬೀಡಿಂಗ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಸೀಮೆಸುಣ್ಣ. ಬಾಗಿಲು ತಾಗುವ ತಗಡಿನ ಅಂಚಿಗೆ ಸುಣ್ಣ ಉಜ್ಜಿ, ಬಾಗಿಲು ಹಾಕಿ, ತೆಗೆಯಿರಿ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ತಾಗುತ್ತಿಲ್ಲ. ಹಾಗಂತ ತೀರಾ ದಪ್ಪ ಬೀಡಿಂಗ್ ಬೇಡ. ಬಾಗಿಲು ಹಾಕಲು ಮಂಡಿಯಲ್ಲಿ ಒದೆಯಬೇಕಾದರೆ, ಆರು ತಿಂಗಳಲ್ಲಿ ಲಾಕು ಹಾಳಾಗುತ್ತದೆ.

ಕತ್ತಲಾದ ಮೇಲೆ ಎರಡನೇ ಪರೀಕ್ಷೆ. ನೀವು ಒಳಗೆ ಮಲಗಿ, ಹೊರಗೆ ಒಬ್ಬರು ಟಾರ್ಚು ಹಿಡಿದು ಅಂಚಿನ ಸುತ್ತ ನಿಧಾನಕ್ಕೆ ಓಡಾಡಲಿ. ಬೆಳಕು ಕಂಡ ಕಡೆಯೆಲ್ಲ ಧೂಳಿನ ದಾರಿ. ಕಂಡ ಕಡೆ ಒಳಗಿನಿಂದಲೇ ಸೀಮೆಸುಣ್ಣದ ಗುರುತು ಹಾಕಿ.

ಮೂರನೆಯದು ಪಂಚೆ. ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಬಾಡಿಯ ನೆಲಕ್ಕೆ ಹಾಸಿ. ಚಿಕ್ಕಬಳ್ಳಾಪುರದ ಸುತ್ತ ಜಲ್ಲಿ ಕ್ರಷರ್‌ಗಳ ರಸ್ತೆಗೆ ಬರವಿಲ್ಲ, ಅಂಥ ಒಂದರಲ್ಲಿ 15–20 ಕಿ.ಮೀ. ಓಡಿಸಿ ಬನ್ನಿ. ಧೂಳು ಪಂಚೆ ಮೇಲೆ ಬೀಸಣಿಗೆಯ ಹಾಗೆ ಹರಡಿರುತ್ತದೆ. ಬೀಸಣಿಗೆಯ ಹಿಡಿ ಎಲ್ಲಿದೆಯೋ ಅಲ್ಲೇ ತೂತು. ನಾನು ಕಂಡ ಪರೀಕ್ಷೆಗಳಲ್ಲಿ ಸುಳ್ಳು ಹೇಳದ್ದು ಇದೊಂದೇ.

ಇಷ್ಟಾದ ಮೇಲೂ ಸ್ವಲ್ಪ ಧೂಳು ಬಂದರೆ, ಮೇಲ್ಭಾಗದಲ್ಲಿ ಮುಂದಕ್ಕೆ ಮುಖ ಮಾಡಿದ, ಫಿಲ್ಟರ್ ಇರುವ ಗಾಳಿಕಿಂಡಿ ಹಾಕಿಸಿ. ಓಡುವಾಗ ಅದು ಮೇಲಿನ ಶುದ್ಧ ಗಾಳಿಯನ್ನು ಒಳಗೆ ತುಂಬುತ್ತದೆ. ಒಳಗೆ ಒತ್ತಡ ಜಾಸ್ತಿ ಇದ್ದರೆ ಧೂಳಿಗೆ ಒಳಗೆ ಬರಲು ದಾರಿಯಿಲ್ಲ. ಆದರೆ ಸಂದು ಮುಚ್ಚದೆ ಇದನ್ನೇ ಹಾಕಿಸಿದರೆ ದುಡ್ಡು ದಂಡ.

ನೀರಿನ ಪರೀಕ್ಷೆಯೂ ಕೆಳಗಿನಿಂದ ಮೇಲಕ್ಕೆ. ಪೈಪು ಹಿಡಿದು ಮೊದಲು ಬಾಡಿಯ ಅಂಚಿಗೆ ಐದು ನಿಮಿಷ, ಆಮೇಲೆ ಕಿಟಕಿಗೆ ಐದು, ಕೊನೆಗೆ ಮೇಲ್ಭಾಗಕ್ಕೆ. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲಿಂದ ಬಂತು ಅಂತ ತಿಳಿಯುವುದೇ ಇಲ್ಲ. ರ‍್ಯಾಕಿನ ಬೋಲ್ಟಿನ ಕೆಳಗೆ ಬ್ಯುಟೈಲ್ ಟೇಪು ಹಾಕಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಷ್ಟರೊಳಗೆ ಇದು ಮುಗಿದಿರಲಿ.

## 6. ಉಸಿರಾಡಲು ಗಾಳಿ, ಹೊರಬರಲು ದಾರಿ

ಧೂಳು ಬಾರದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗುತ್ತಿದ್ದೀರಿ. ಗಾಡಿ ನಿಂತಾಗ ತೆರೆಯಲು ಎರಡು ಕಿಂಡಿ ಬೇಕು. ಒಂದು ಕೆಳಗೆ, ಇನ್ನೊಂದು ಎದುರು ಬದಿಯಲ್ಲಿ ಮೇಲೆ. ಎರಡಕ್ಕೂ ಸೊಳ್ಳೆ ಜಾಲರಿ. ಕಿಂಡಿ ಮುಚ್ಚಿ ಇಬ್ಬರು ಮಲಗಿದರೆ, ಡಿಸೆಂಬರಿನ ಬೆಳಗ್ಗೆ ಉಸಿರಿನ ತೇವ ತಗಡಿನಿಂದ ತೊಟ್ಟಿಕ್ಕುತ್ತದೆ. ಕ್ಯಾನೋಪಿ ಸೋರುತ್ತಿದೆ ಅಂತ ನನ್ನ ಬಳಿ ಬಂದ ಒಂದು ಗಾಡಿಯ ಸಮಸ್ಯೆ ಇಷ್ಟೇ ಆಗಿತ್ತು.

ಒಳಗೆ ಒಲೆ ಹಚ್ಚಬೇಡಿ. ಚಳಿಗೆ ಕೆಂಡದ ಬಾಣಲೆಯನ್ನೂ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಇಂಜಿನ್ ಓಡಿಸಿಕೊಂಡು ಮಲಗುವುದೂ ಅಷ್ಟೇ ಅಪಾಯ. ತಲೆನೋವು, ವಾಂತಿ ಬಂದ ಹಾಗಾಗುವುದು, ಸುಮ್ನೆ ಸುಸ್ತು: ಮೂರರಲ್ಲಿ ಒಂದು ಕಂಡರೂ ಮೊದಲು ಹೊರಗೆ ಬನ್ನಿ. ಬ್ಯಾಟರಿಯಲ್ಲಿ ನಡೆಯುವ ಸಿಒ ಅಲಾರಂ ಒಂದು ತಲೆಯ ಹತ್ತಿರ ಇರಲಿ. ಗ್ಯಾಸ್ ಸಿಲಿಂಡರ್ ಹೊರಗೇ ಇರಬೇಕು, ಯಾಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ, ನೀವು ಮಲಗಿದ ಮಟ್ಟದಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು, ಕೇಳಿದವರೆಲ್ಲ ಬೆಚ್ಚುತ್ತಾರೆ. ಬಹಳ ಕ್ಯಾನೋಪಿಗಳ ಹಿಡಿ ಹೊರಗೆ ಮಾತ್ರ ಇರುತ್ತದೆ. ಒಳಗಿನಿಂದ ಬಾಗಿಲು ತೆರೆಯುವುದು ಹೇಗೆ? ಲಾಕಿನ ಸರಳಿಗೆ ಒಂದು ಹುರಿ ಕಟ್ಟಿ ಒಳಗೆ ಬಿಡಿ. ಕತ್ತಲಲ್ಲಿ, ಕಣ್ಣು ಮುಚ್ಚಿ ಎಳೆದು ಅಭ್ಯಾಸ ಮಾಡಿ.

## 7. ವೈರಿಂಗ್

ಮೊದಲು ದಿನದ ಖರ್ಚು ಬರೆಯಿರಿ. 40 ಲೀಟರಿನ 12 ವೋಲ್ಟ್ ಫ್ರಿಜ್ಜು ನಮ್ಮ ಬಿಸಿಲಿಗೆ ಸುಮಾರು 35 ಆಂಪಿಯರ್-ಅವರ್ (ಬ್ಯಾಟರಿಯ ಕರೆಂಟ್ ಅಳೆಯುವ ಲೆಕ್ಕ), ಫ್ಯಾನು 6, ದೀಪ 2, ಎರಡು ಮೊಬೈಲು 3. ಒಟ್ಟು 46. 100 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 80 ಧೈರ್ಯವಾಗಿ ಬಳಸಬಹುದು, ಒಂದೂಮುಕ್ಕಾಲು ದಿನ ಬರುತ್ತದೆ. ಮನೆಯ ಯುಪಿಎಸ್ಸಿನ ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ತೂಕವೂ ಎರಡು ಪಟ್ಟಿಗಿಂತ ಜಾಸ್ತಿ.

ಗಾಡಿಯ ಬ್ಯಾಟರಿಗೆ ಹಿಂದಿನ ಈ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳ ಆಲ್ಟರ್ನೇಟರ್, ಅಂದರೆ ಇಂಜಿನ್ನಿನಿಂದ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಎಷ್ಟೋ ಸಲ ವೋಲ್ಟೇಜ್ ಇಳಿಸಿಬಿಡುತ್ತದೆ, ಹಿಂದಿನ ಬ್ಯಾಟರಿ ಎಂದೂ ತುಂಬುವುದಿಲ್ಲ. ನಡುವೆ ವೋಲ್ಟೇಜ್ ಸರಿಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು.

ವೈರಿನ ದಪ್ಪ ನೋಡಿ. ಬ್ಯಾಟರಿಯಿಂದ ಹಿಂದಕ್ಕೆ 5 ಮೀಟರ್, 20 ಆಂಪಿಯರ್ ಹರಿಯುತ್ತದೆ ಅಂತಿಟ್ಟುಕೊಳ್ಳಿ. ಮನೆಗೆ ಹಾಕುವ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 1.4 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ವೈರೂ ಬಿಸಿ. 10 ಸ್ಕ್ವೇರ್ ಎಂಎಂ ಹಾಕಿದರೆ ಹೋಗುವುದು 0.35 ವೋಲ್ಟ್ ಮಾತ್ರ. ಫ್ಯೂಸು ಪ್ರತಿ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇರಬೇಕು. ಹಿಂದೆ ಚಾರ್ಜರ್ ಹತ್ತಿರ ಮಾತ್ರ ಹಾಕಿದರೆ, ನಡುವೆ ವೈರು ಉಜ್ಜಿ ತಗಡಿಗೆ ತಾಗಿದ ದಿನ ಅದನ್ನು ತಡೆಯುವವರು ಯಾರೂ ಇಲ್ಲ. ತಗಡು ದಾಟುವ ಪ್ರತಿ ಕಡೆಯೂ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ಬಳೆ). ವೈರನ್ನು ಸೈಲೆನ್ಸರ್ ಬದಿಯಿಂದ ಕೊಂಡೊಯ್ಯಬೇಡಿ.

ವೈರು ಮುಟ್ಟಿದರೆ ಬಿಸಿ, ಸುಟ್ಟ ವಾಸನೆ, ಫ್ಯೂಸು ಎರಡನೇ ಸಲ ಹೋಗುವುದು: ಇವು ನಿಲ್ಲಿಸಿ ನೋಡಬೇಕಾದ ಸೂಚನೆ. ದೊಡ್ಡ ಫ್ಯೂಸು ಹಾಕುವುದು ಪರಿಹಾರವಲ್ಲ.

## 8. ಈಗ ಹಾಸಿಗೆ

ಡಬಲ್ ಕ್ಯಾಬಿನ ಹಿಂದಿನ ಬಾಡಿ ಉದ್ದ ಸುಮಾರು ಐದು ಅಡಿ. ನೀವು ಐದೂಮುಕ್ಕಾಲು. ಹಾಗಾಗಿ ಹಿಂಬಾಗಿಲು ತೆರೆದು, ಕಾಲಿನ ಕಡೆ ಟಾರ್ಪಾಲಿನ ಗೂಡು ಹೊಲಿಸಬೇಕು. ಎತ್ತರವೂ ಅಷ್ಟೇ. ನೆಲದಿಂದ ಟಾಪಿಗೆ ಸಾಮಾನ್ಯವಾಗಿ 36ರಿಂದ 40 ಇಂಚು. 12 ಇಂಚಿನ ಡ್ರಾಯರು, ಮೇಲೆ 4 ಇಂಚಿನ ಫೋಮು ಹಾಕಿದರೆ ನೆಟ್ಟಗೆ ಕೂರಲು ಆಗುವುದಿಲ್ಲ. ಮಳೆ ಬಂದ ಸಂಜೆ ಮೂರು ಗಂಟೆ ಬಗ್ಗಿ ಕೂತವರಿಗೇ ಗೊತ್ತು. ಪೂರ್ತಿ ಅಗಲದ ಡ್ರಾಯರನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ. ಒಂದು ಬದಿಗೆ ಒಂದು ಡ್ರಾಯರು, ಇನ್ನೊಂದು ಬದಿ ಖಾಲಿ.

ಪ್ಲೈವುಡ್ ಕತ್ತರಿಸುವ ಮುಂಚೆ ಆರು ಟೊಮೆಟೊ ಕ್ರೇಟು, ಎರಡು ಹಲಗೆ ಜೋಡಿಸಿ ಒಂದು ರಾತ್ರಿ ಮಲಗಿ ನೋಡಿ. ಎಲ್ಲಿ ತಲೆ ತಾಗುತ್ತದೆ, ರಾತ್ರಿ ಎದ್ದು ಹೋಗಲು ಆಗುತ್ತದೋ, ಎಲ್ಲ ತಿಳಿಯುತ್ತದೆ. ಆಮೇಲೆ ಐಎಸ್ 710 ಗುರುತಿರುವ (ನೀರು ತಡೆಯುವ ಮರೀನ್) ಪ್ಲೈವುಡ್ ತನ್ನಿ, ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಹಚ್ಚಿ. ಹಲಗೆಗೆ ಅಲ್ಲಲ್ಲಿ ಒಂದು ಇಂಚಿನ ತೂತು ಕೊರೆಯಿರಿ. ಹಾಸಿಗೆ ಕೆಳಗೆ ತೆಂಗಿನ ನಾರಿನ ಮ್ಯಾಟು ಹಾಸಿ, ತುಮಕೂರು ಕಡೆ ಇದು ಸುಲಭವಾಗಿ ಸಿಗುತ್ತದೆ. ಗಾಳಿ ಆಡಿದರೆ ಬೂಷ್ಟು ಹಿಡಿಯುವುದಿಲ್ಲ.

ಎಲ್ಲವನ್ನೂ ಬೋಲ್ಟಿನಲ್ಲಿ ಜೋಡಿಸಿ, ಮೊಳೆ ಬೇಡ, ಅಂಟು ಬೇಡ. ಅರ್ಧ ಗಂಟೆಯಲ್ಲಿ ಬಿಚ್ಚಲು ಬರಬೇಕು.

## 9. ತುಂಬಿಸಿ, ಮತ್ತೆ ತೂಗಿಸಿ

ಭಾರದ ಸಾಮಾನು ಕೆಳಗೆ, ಕ್ಯಾಬಿನ್ ಕಡೆಗೆ. ನೀರು, ಬ್ಯಾಟರಿ, ಟೂಲು ಹಿಂದಿನ ಆಕ್ಸಲ್‌ಗಿಂತ ಮುಂದೆಯೇ ಇರಲಿ. ಹಿಂಬಾಗಿಲ ತುದಿಯಲ್ಲಿ ಭಾರ ಇಟ್ಟರೆ ಗಾಡಿಯ ಮೂತಿ ಏಳುತ್ತದೆ. ನೀರಿನ ಕ್ಯಾನನ್ನು ಮನೆಯಿಂದಲೇ ತುಂಬಿಸಿಕೊಂಡು ಹೋಗಬೇಕಿಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳಿ. ಕೋಲಾರ, ಪಾವಗಡ ಕಡೆ ಬೋರ್‌ವೆಲ್ ನೀರನ್ನು ನೇರ ಕುಡಿಯಬೇಡಿ, ಫ್ಲೋರೈಡ್ ಇರುತ್ತದೆ.

ಮತ್ತೆ ವೇಬ್ರಿಡ್ಜಿಗೆ. ಹಳೆಯ ಚೀಟಿ ಪಕ್ಕ ಇಟ್ಟು ನೋಡಿ. ಗ್ರಾಸ್ ತೂಕ ದಾಟಿದ್ದರೆ ಏನಾದರೂ ಇಳಿಸಬೇಕು. ಲೀಫ್ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಿದರೆ ಗಾಡಿ ಎತ್ತರವಾಗಿ ನಿಲ್ಲುತ್ತದೆ. ಆದರೆ ಬ್ರೇಕು, ಆಕ್ಸಲ್, ಟಯರು ಹಳೆಯವೇ ತಾನೇ? ಚಕ್ರದಿಂದ ಮಡ್‌ಗಾರ್ಡ್ ಅಂತರವನ್ನೂ ಅಳೆಯಿರಿ. ಮುಂದಿನ ಅಂತರ ಮೊದಲಿಗಿಂತ ಹೆಚ್ಚಿದ್ದರೆ ಭಾರ ತೀರಾ ಹಿಂದಿದೆ. ಎದುರು ಗಾಡಿಯವರು ನಿಮಗೆ ಪದೇಪದೇ ಲೈಟ್ ಹೊಡೆಯುವುದು, ಸ್ಟೇರಿಂಗ್ ಹಗುರ ಅನ್ನಿಸುವುದು, ತಿರುವಿನಲ್ಲಿ ಹಿಂಭಾಗ ತೂಗಾಡುವುದು, ಎಲ್ಲ ಅದೇ ಕಾರಣಕ್ಕೆ. ಟಯರ್ ಗಾಳಿಯನ್ನು ಡೋರಿನ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿಗೆ ಬರೆದಷ್ಟೇ ಹಾಕಿಸಿ.

ಮೊದಲ ರಾತ್ರಿ ಮನೆ ಅಂಗಳದಲ್ಲೇ ಮಲಗಿ. ಎರಡನೆಯದು ಪರಿಚಯದವರ ತೋಟದಲ್ಲಿ, ಕೇಳಿಕೊಂಡು: ಶ್ರೀನಿವಾಸಪುರದ ಮಾವಿನ ತೋಪಾಗಲಿ, ನಮ್ಮ ಕಡೆಯ ದ್ರಾಕ್ಷಿ ತೋಟದ ಬದಿಯಾಗಲಿ. ನಂದಿಬೆಟ್ಟ, ದೇವರಾಯನದುರ್ಗದ ಕಾಡಿನ ಅಂಚಿನಲ್ಲಿ ಕದ್ದು ನಿಲ್ಲಿಸಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ತಂಗುವಂತಿಲ್ಲ.

ತಿಪಟೂರು, ಗುಬ್ಬಿ ಕಡೆ ತೆಂಗಿನ ತೋಟಕ್ಕೆ ಹೋದರೆ ಗಾಡಿಯನ್ನು ಎರಡು ಸಾಲಿನ ನಟ್ಟನಡುವೆ ನಿಲ್ಲಿಸಿ, ಮೇಲೆ ನೋಡಿ. ರಾತ್ರಿ ಎರಡು ಗಂಟೆಗೆ ಎಫ್‌ಆರ್‌ಪಿ ಮೇಲೆ ಬಲಿತ ಕಾಯಿ ಬಿದ್ದ ಸದ್ದು ನಾನು ಒಮ್ಮೆ ಕೇಳಿದ್ದೇನೆ. ಆ ಬಿರುಕಿಗೆ ಹಾಕಿದ ತೇಪೆ ಇವತ್ತಿಗೂ ನನ್ನ ಗಾಡಿ ಮೇಲಿದೆ.